ಸಣ್ಣ ಬೋರ್ಡ್‌ಗೆ ನಾವೇ ಕಟ್ಟುವ ಲಿನಕ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್‌ಗಳಿಗೆ ನಾನೊಂದು ಸಣ್ಣ ಪೆಟ್ಟಿಗೆ ಮಾಡಿಕೊಡುತ್ತೇನೆ. ಭತ್ತ ಒಣಗಿಸುವ ಡ್ರೈಯರ್‌ನ ಬಿಸಿ ಎಷ್ಟಿದೆ ಅಂತ ನಿಮಿಷಕ್ಕೊಮ್ಮೆ ಬರೆದಿಡುವುದು, ಹದ ಮೀರಿದರೆ ಸೈರನ್ ಕೂಗಿಸುವುದು ಅದರ ಕೆಲಸ. ಬಿಸಿ ಜಾಸ್ತಿಯಾದರೆ ಕಾಳು ಒಳಗೇ ಬಿರುಕು ಬಿಡುತ್ತದೆ. ಮಿಲ್ ಮಾಡುವಾಗ ಅಕ್ಕಿ ಹೋಗಿ ನುಚ್ಚು ಬರುತ್ತದೆ. ಪೆಟ್ಟಿಗೆಯೊಳಗೆ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡ್ ಇದೆ. ಅದರ ಮೇಲೆ ನಾನೇ ಕಟ್ಟಿದ ಲಿನಕ್ಸ್ ಓಡುತ್ತದೆ.

ರಾಯಚೂರು, ಕೊಪ್ಪಳ, ಬಳ್ಳಾರಿಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್ ಸಮಯದಲ್ಲಿ ಫೋನ್ ಮಾಡುತ್ತಾರೆ. ಮಿಲ್‌ಗಳ ಎಲೆಕ್ಟ್ರಿಷಿಯನ್ ಅಣ್ಣಂದಿರೂ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಕ್ರಾಸ್ ಕಂಪೈಲ್ ಅಂದರೆ ಏನು?

ಒಂದು ಕಂಪ್ಯೂಟರ್‌ನಲ್ಲಿ ಕೂತು ಬೇರೆ ಜಾತಿಯ ಇನ್ನೊಂದು ಕಂಪ್ಯೂಟರ್‌ಗೆ ಪ್ರೋಗ್ರಾಂ ತಯಾರಿಸುವುದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವುದು ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್. ಬೋರ್ಡ್‌ನಲ್ಲಿ ಇರುವುದು ಆರ್ಮ್. ಇದಕ್ಕೆ ಅರ್ಥವಾಗುವ ಭಾಷೆ ಅದಕ್ಕೆ ಅರ್ಥವಾಗುವುದಿಲ್ಲ.

ಬಡಗಿಯವರು ಬಾಗಿಲು ಮಾಡುವುದನ್ನು ನೆನೆಸಿಕೊಳ್ಳಿ. ಉಳಿ, ಗರಗಸ, ಬಾಚಿ ಎಲ್ಲ ಅವರ ಅಂಗಡಿಯಲ್ಲಿವೆ. ಕೆಲಸವೂ ಅಲ್ಲೇ ನಡೆಯುತ್ತದೆ. ಆದರೆ ಅಳತೆ ಮಾತ್ರ ನಿಮ್ಮ ಮನೆಯ ಚೌಕಟ್ಟಿನದು. ಮರೆತು ತಮ್ಮ ಅಂಗಡಿ ಬಾಗಿಲಿನ ಅಳತೆಗೆ ಕೊಯ್ದರೆ ಬಾಗಿಲು ಚೆನ್ನಾಗೇ ಇರುತ್ತದೆ, ನಿಮ್ಮ ಮನೆಗೆ ಕೂರುವುದಿಲ್ಲ. ಕ್ರಾಸ್ ಕಂಪೈಲ್‌ನಲ್ಲಿ ಬರುವ ಬಹಳಷ್ಟು ತಪ್ಪುಗಳು ಇದೇ ತರಹದವು. ಲ್ಯಾಪ್‌ಟಾಪ್‌ನ ಹೆಡರ್ ಫೈಲೋ ಲೈಬ್ರರಿಯೋ ನಡುವೆ ನುಸುಳಿರುತ್ತದೆ. ಬೋರ್ಡ್‌ನ ಹೆಡರ್, ಲೈಬ್ರರಿಗಳನ್ನೆಲ್ಲ ಲ್ಯಾಪ್‌ಟಾಪ್‌ನಲ್ಲಿ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತೇವೆ. ಅದರ ಹೆಸರು ಸಿಸ್‌ರೂಟ್. ಅದೇ ನಿಮ್ಮ ಮನೆಯ ಅಳತೆ.

ಬೋರ್ಡ್ ಮೇಲೇ ಕಂಪೈಲ್ ಮಾಡಿದರೆ ಆಗೋದಿಲ್ವಾ?

ಆಗುತ್ತದೆ, ನೂರು ಸಾಲಿನ ಸಿ ಪ್ರೋಗ್ರಾಂ ಆದರೆ. ಲಿನಕ್ಸ್‌ನ ತಿರುಳಾದ ಕರ್ನಲ್ ಕಟ್ಟಲು ಹೊರಟರೆ 512 ಎಂಬಿ ಮೆಮೊರಿಯ ಬೋರ್ಡ್ ಗಂಟೆಗಟ್ಟಲೆ ತಿಣುಕುತ್ತದೆ. ಮೆಮೊರಿ ಕಾರ್ಡ್‌ಗೂ ಸುಮ್ನೆ ಸವೆತ. ಮುಖ್ಯ ಮಾತು ಇನ್ನೊಂದಿದೆ. ಮಿಲ್‌ನಲ್ಲಿ ನೇತುಹಾಕುವ ಪೆಟ್ಟಿಗೆಯೊಳಗೆ ಕಂಪೈಲರ್ ಇರುವ ಅಗತ್ಯವೇ ಇಲ್ಲ.

ರೆಡಿ ಡೆಬಿಯನ್, ರೆಡಿ ರಾಸ್ಪ್‌ಬೆರಿ ಪೈ ಓಎಸ್ ಇರುವಾಗ ಇಷ್ಟು ಕಷ್ಟ ಯಾಕೆ?

ಮನೆಯಲ್ಲಿ ಕಲಿಯಲು, ಒಂದೇ ಒಂದು ಬೋರ್ಡ್ ಓಡಿಸಲು ರೆಡಿ ಓಎಸ್ ಸಾಕು. ಅದನ್ನೇ ಬಳಸಿ.

ನಾನು ಮೊದಲು ಕೊಟ್ಟ ಎರಡು ಪೆಟ್ಟಿಗೆಗಳಲ್ಲಿ ರೆಡಿ ಓಎಸ್ಸೇ ಇತ್ತು. ಒಂದು ವರ್ಷದ ಮೇಲೆ ಮೂರನೆಯದನ್ನು ಮಾಡಲು ಕೂತಾಗ ಅದೇ ಹೆಸರಿನ ಪ್ಯಾಕೇಜ್ ಬೇರೆ ಆವೃತ್ತಿಯಾಗಿ ಬಂತು. ನನ್ನ ಪ್ರೋಗ್ರಾಂ ನಿಂತಿತು. ಮೊದಲಿನ ಎರಡರಲ್ಲಿ ಏನೇನು ಹಾಕಿದ್ದೆ ಅಂತ ನಾನು ಬರೆದಿಟ್ಟಿರಲಿಲ್ಲ. ಕೈಯಲ್ಲಿ ಮಾಡಿದ ಬದಲಾವಣೆಗಳು ಕೈಯಲ್ಲೇ ಉಳಿದಿದ್ದವು. ಆವತ್ತು ಇಡೀ ವಾರ ಹೋಯಿತು. ಹೊರಗೆ ಡ್ರೈಯರ್‌ನಲ್ಲಿ ಭತ್ತ ಕಾಯುತ್ತಿತ್ತು.

ಈಗ ನನ್ನ ಇಡೀ ಸಿಸ್ಟಮ್ 20 ಎಂಬಿಯೊಳಗೆ ಇದೆ. ಅದರಲ್ಲಿ ಯಾವ ಫೈಲು ಯಾಕಿದೆ ಅಂತ ನನಗೆ ಗೊತ್ತು. ಒಂದು ಸಣ್ಣ ಸೆಟ್ಟಿಂಗ್ ಫೈಲು ಕೊಟ್ಟರೆ ಲ್ಯಾಪ್‌ಟಾಪ್‌ನಲ್ಲಿರುವ ಬಿಲ್ಡ್‌ರೂಟ್ ಎಂಬ ಸಲಕರಣೆ ಮತ್ತೆ ಅದೇ ಸಿಸ್ಟಮ್ ಕಟ್ಟಿಕೊಡುತ್ತದೆ. ಇಷ್ಟಕ್ಕಾಗಿಯೇ ನಾನು ಈ ದಾರಿ ಹಿಡಿದೆ. ಗಾತ್ರ ಸಣ್ಣದು, ಬೇಗ ಬೂಟ್ ಆಗುತ್ತದೆ ಅನ್ನುವುದೆಲ್ಲ ಆಮೇಲಿನ ಮಾತು.

ಯಾವ ಬೋರ್ಡ್ ತಗೊಳ್ಳಲಿ?

ಮೊದಲು ಲಿನಕ್ಸ್ ಬೇಕಾ ಅಂತ ಕೇಳಿಕೊಳ್ಳಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಅದಾದ ಮೇಲೆ ಕಾಲುವೆ ನೀರಿನ ಮಟ್ಟ ಅಳೆಯುವ ಪ್ರಾಜೆಕ್ಟ್ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ. ಒಳ್ಳೆಯ ವಿಚಾರ. ಆದರೆ ಒಂದು ಸೆನ್ಸರ್ ಓದಿ, ಗಂಟೆಗೊಮ್ಮೆ ಕಳಿಸಿ, ಉಳಿದ ಹೊತ್ತು ಸೋಲಾರ್ ಬ್ಯಾಟರಿಯಲ್ಲಿ ಮಲಗುವ ಕೆಲಸಕ್ಕೆ ಇಎಸ್‌ಪಿ32 ಎಂಬ ಸಣ್ಣ ಮೈಕ್ರೋಕಂಟ್ರೋಲರ್ ಸಾಕು. ಅದಕ್ಕೆ ಕ್ರಾಸ್ ಕಂಪೈಲ್ ಇದೆ, ಲಿನಕ್ಸ್ ಇಲ್ಲ. ಹಲವು ಸೆನ್ಸರ್, ಡೇಟಾಬೇಸ್, ಪರದೆ, ನೆಟ್‌ವರ್ಕ್, ದೂರದಿಂದ ಅಪ್‌ಡೇಟ್ ಎಲ್ಲ ಬೇಕು ಅಂದಾಗ ಲಿನಕ್ಸ್‌ಗೆ ಬನ್ನಿ.

ಕಲಿಯಲು ನಾನು ಹೇಳುವುದು ಬೀಗಲ್‌ಬೋನ್ ಬ್ಲ್ಯಾಕ್. 1 ಗಿಗಾಹರ್ಟ್ಸ್ ಕಾರ್ಟೆಕ್ಸ್ ಎ8, 512 ಎಂಬಿ ಮೆಮೊರಿ, ಬೋರ್ಡ್ ಮೇಲೇ ಇಎಂಎಂಸಿ, ಅಂದರೆ ಅಂಟಿಸಿದ ಸಂಗ್ರಹದ ಚಿಪ್. 2013ರ ಬೋರ್ಡ್, ಹಳೆಯದೇ. ಆದರೆ ಬೂಟ್ ಆಗುವ ಪ್ರತಿ ಹಂತವೂ ಕಣ್ಣಿಗೆ ಕಾಣುತ್ತದೆ, ದಾಖಲೆ ತೆರೆದಿದೆ. ಕಡಿಮೆ ಬೆಲೆಗೆ ಬೇಕಾದರೆ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ನೋಡಿ.

ಎಂಥ ಲ್ಯಾಪ್‌ಟಾಪ್ ಬೇಕು? ನೆಟ್ ಎಷ್ಟು ಬೇಕು?

8 ಜಿಬಿ ಮೆಮೊರಿ, ಸಣ್ಣ ಸಿಸ್ಟಮ್‌ಗೆ 10 ಜಿಬಿ ಖಾಲಿ ಜಾಗ, ಉಬುಂಟು ಅಥವಾ ಡೆಬಿಯನ್. ಹಳೇ ಐ5 ಲ್ಯಾಪ್‌ಟಾಪ್ ನಡೆಯುತ್ತದೆ. ಮೊದಲ ಸಲ ಕಟ್ಟಲು ಒಂದು ಗಂಟೆಗಿಂತ ಜಾಸ್ತಿ ಹಿಡಿಯಬಹುದು.

ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್2 ಒಳಗೂ ಮಾಡಬಹುದು. ಎರಡು ಎಚ್ಚರಿಕೆ ಬೇಕು. ಫೋಲ್ಡರ್ ಲಿನಕ್ಸ್ ಕಡೆಯೇ ಇರಲಿ, ಸಿ ಡ್ರೈವ್‌ನಲ್ಲಿ ಬೇಡ. ಅಲ್ಲಿ ವಿಪರೀತ ನಿಧಾನ, ದೊಡ್ಡಕ್ಷರ ಸಣ್ಣಕ್ಷರದ ಗೊಂದಲವೂ ಉಂಟು. ಇನ್ನೊಂದು, ಪಾತ್‌ನಲ್ಲಿ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಖಾಲಿ ಜಾಗ ಇದೆ ಅಂತ ಬಿಲ್ಡ್‌ರೂಟ್ ಶುರುವಿನಲ್ಲೇ ನಿಲ್ಲುತ್ತದೆ. ವಿಂಡೋಸ್‌ನ ಪ್ರೋಗ್ರಾಂ ಫೈಲ್ಸ್ ಹೆಸರು ಪಾತ್‌ಗೆ ಸೇರಿಕೊಂಡಿರುವುದೇ ಕಾರಣ. ಆ ಟರ್ಮಿನಲ್‌ನಲ್ಲಿ ಪಾತ್ ಅನ್ನು ಲಿನಕ್ಸ್ ಫೋಲ್ಡರ್‌ಗಳಿಗೆ ಮಾತ್ರ ಸೀಮಿತ ಮಾಡಿದರೆ ಸರಿಹೋಗುತ್ತದೆ.

ಹಳ್ಳಿಯಲ್ಲಿ ನೆಟ್ ಸರಿಯಾಗಿ ಸಿಗದಿದ್ದರೆ, ಸಿಗುವ ಕಡೆ ಹೋಗಿ ಬಿಲ್ಡ್‌ರೂಟ್ ಫೋಲ್ಡರ್‌ನಲ್ಲಿ ಮೊದಲು ಮೇಕ್ ಸೋರ್ಸ್ ಎಂಬ ಕಮಾಂಡ್ ಕೊಡಿ. ಬೇಕಾದ ಸೋರ್ಸ್, ಅಂದರೆ ಪ್ರೋಗ್ರಾಂಗಳ ಮೂಲ ಬರಹ, ಎಲ್ಲ ಡಿಎಲ್ ಅನ್ನುವ ಫೋಲ್ಡರ್‌ಗೆ ಇಳಿಯುತ್ತದೆ. ಆಮೇಲೆ ನೆಟ್ ಇಲ್ಲದೆಯೇ ಕಟ್ಟಬಹುದು. ಆ ಫೋಲ್ಡರ್ ಪೆನ್‌ಡ್ರೈವ್‌ನಲ್ಲಿ ಗೆಳೆಯರಿಗೂ ಕೊಡಿ. ನಾಲ್ಕು ಜನ ನಾಲ್ಕು ಸಲ ಡೌನ್‌ಲೋಡ್ ಮಾಡುವುದು ಯಾಕೆ, ಅಲ್ವಾ?

ನಡುವೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಯೂ ಮುಗಿದರೆ?

ಮತ್ತೆ ಮೇಕ್ ಕೊಡಿ, ನಿಂತಲ್ಲಿಂದ ಶುರುವಾಗುತ್ತದೆ. ಆ ಕ್ಷಣ ಕಟ್ಟುತ್ತಿದ್ದ ಪ್ಯಾಕೇಜ್‌ನಲ್ಲಿ ಅರ್ಧ ಬರೆದ ಫೈಲುಗಳು ಉಳಿದಿರಬಹುದು. ಫೈಲ್ ತುಂಡಾಗಿದೆ, ಫಾರ್ಮ್ಯಾಟ್ ಗುರುತು ಸಿಗುತ್ತಿಲ್ಲ ಎನ್ನುವ ಎರರ್ ಬಂದರೆ ಆ ಪ್ಯಾಕೇಜ್ ಹೆಸರಿನ ಕೊನೆಗೆ ಡ್ಯಾಶ್ ಡರ್‌ಕ್ಲೀನ್ ಸೇರಿಸಿ ಮೇಕ್ ಕೊಡಿ. ಅದೊಂದೇ ಅಳಿಸಿಹೋಗುತ್ತದೆ, ಮತ್ತೆ ಬರೀ ಮೇಕ್ ಕೊಟ್ಟರೆ ಹೊಸದಾಗಿ ಶುರುವಾಗುತ್ತದೆ. ಎಲ್ಲ ಅಳಿಸಬೇಕಿಲ್ಲ.

ಬಿಲ್ಡ್‌ರೂಟಾ, ಯಾಕ್ಟೋನಾ, ಇಲ್ಲ ಎಲ್ಲ ಕೈಯಲ್ಲೇ ಮಾಡಲಾ?

ಬಿಲ್ಡ್‌ರೂಟ್.

ಯಾಕ್ಟೋ ಕೂಡ ಹೀಗೇ ಲಿನಕ್ಸ್ ಕಟ್ಟಿಕೊಡುವ, 2010ರಲ್ಲಿ ಶುರುವಾದ ದೊಡ್ಡ ಯೋಜನೆ. ಹತ್ತು ಬಗೆಯ ಸಾಧನ, ಇಪ್ಪತ್ತು ಜನರ ತಂಡ ಇರುವ ಕಂಪನಿಗೆ ಅದು ಸರಿ. ಅದರ ದಾಖಲೆಯೇ 90 ಜಿಬಿಗೂ ಜಾಸ್ತಿ ಜಾಗ ಇಟ್ಟುಕೊಳ್ಳಿ ಅನ್ನುತ್ತದೆ. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗುವವರು ಅದನ್ನೂ ಆಮೇಲೆ ಕಲಿಯಿರಿ. ಕೇಳುತ್ತಾರೆ.

ಬಿಲ್ಡ್‌ರೂಟ್ 2001ರಿಂದ ಇದೆ. ಮೂಲತಃ ಮೇಕ್ ಫೈಲುಗಳ ಒಂದು ಕಟ್ಟು. ಮೂರು ತಿಂಗಳಿಗೊಂದು ಆವೃತ್ತಿ ಬರುತ್ತದೆ: ಫೆಬ್ರವರಿ, ಮೇ, ಆಗಸ್ಟ್, ನವೆಂಬರ್. ಫೆಬ್ರವರಿಯದಕ್ಕೆ ತಿದ್ದುಪಡಿಗಳು ಹೆಚ್ಚು ಕಾಲ ಬರುತ್ತವೆ. ಮಿಲ್‌ಗೆ ಕೊಡುವ ಪೆಟ್ಟಿಗೆಗೆ ನಾನು ಅದನ್ನೇ ಹಿಡಿಯುತ್ತೇನೆ.

ಎಲ್ಲ ಕೈಯಲ್ಲೇ ಮಾಡುವುದು ಒಂದು ಸಲ ಮಾಡಲೇಬೇಕಾದ ಕೆಲಸ. ಕರ್ನಲ್, ಬ್ಯುಸಿಬಾಕ್ಸ್, ಕರ್ನಲ್ ಎದ್ದ ಮೇಲೆ ಮೊದಲು ಓಡುವ ಒಂದು ಪುಟ್ಟ ಇನಿಟ್ ಫೈಲು, ಇಷ್ಟರಲ್ಲೇ ಒಂದು ಲಿನಕ್ಸ್ ಏಳುತ್ತದೆ. ಬ್ಯುಸಿಬಾಕ್ಸ್ ಅಂದರೆ ಎಲ್‌ಎಸ್, ಸಿಪಿ, ಮೌಂಟ್, ಶೆಲ್ ಎಲ್ಲವೂ ಒಂದೇ ಫೈಲಿನೊಳಗೆ ಇರುವುದು. 1995ರಲ್ಲಿ ಬ್ರೂಸ್ ಪೆರೆನ್ಸ್ ಅದನ್ನು ಶುರು ಮಾಡಿದ್ದು ಡೆಬಿಯನ್‌ನ ಇನ್‌ಸ್ಟಾಲರ್ ಒಂದೇ ಫ್ಲಾಪಿಯಲ್ಲಿ ಕೂರಲಿ ಅಂತ. ಒಂದು ಭಾನುವಾರ ಕೂತು ಮಾಡಿ ನೋಡಿ. ಆಮೇಲೆ ಬಿಲ್ಡ್‌ರೂಟ್ ಒಳಗೆ ಏನು ನಡೆಯುತ್ತಿದೆ ಅಂತ ತಾನಾಗಿ ಹೊಳೆಯುತ್ತದೆ.

ಟೂಲ್‌ಚೈನ್ ಹೆಸರು ಇಷ್ಟುದ್ದ ಯಾಕೆ?

ಟೂಲ್‌ಚೈನ್ ಅಂದರೆ ಕ್ರಾಸ್ ಕಂಪೈಲರ್ ಮತ್ತು ಅದರ ಜೊತೆಯ ಸಲಕರಣೆಗಳು. ಹೆಸರು ಹೀಗಿರುತ್ತದೆ: ಆರ್ಮ್, ಲಿನಕ್ಸ್, ಗ್ನೂ ಇಎಬಿಐ ಎಚ್‌ಎಫ್. ಮೊದಲನೆಯದು ಪ್ರೊಸೆಸರ್ ಜಾತಿ, ಎರಡನೆಯದು ಕರ್ನಲ್, ಮೂರನೆಯದು ಸಿ ಲೈಬ್ರರಿ ಮತ್ತು ಫಂಕ್ಷನ್‌ಗಳು ಪರಸ್ಪರ ಮಾತಾಡುವ ಕಟ್ಟುಪಾಡು. ಕೊನೆಯ ಎಚ್‌ಎಫ್ ಅಂದರೆ ದಶಮಾಂಶ ಸಂಖ್ಯೆಗಳನ್ನು ಪ್ರೊಸೆಸರ್‌ನ ಹಾರ್ಡ್‌ವೇರ್ ರಿಜಿಸ್ಟರ್‌ಗಳ ಮೂಲಕವೇ ಕೊಟ್ಟು ತಗೊಳ್ಳುತ್ತದೆ ಅಂತ. ಎಚ್‌ಎಫ್ ಇರುವುದನ್ನೂ ಇಲ್ಲದ್ದನ್ನೂ ಬೆರೆಸಬೇಡಿ.

ಸಿ ಲೈಬ್ರರಿ ಆಯ್ಕೆಯಲ್ಲಿ ಮೂರಿವೆ: ಜಿಲಿಬ್‌ಸಿ, ಮಸ್ಲ್, ಯುಸಿಲಿಬ್‌ಸಿ ಎನ್‌ಜಿ. ಬೇರೆಯವರು ಕೊಟ್ಟ ರೆಡಿ ಬೈನರಿ ಓಡಿಸಬೇಕಾದರೆ ಹೆಚ್ಚಾಗಿ ಜಿಲಿಬ್‌ಸಿ ಬೇಕು. ಎಲ್ಲವೂ ನಿಮ್ಮದೇ ಸೋರ್ಸ್ ಆದರೆ ಮಸ್ಲ್ ಚೊಕ್ಕವಾಗಿದೆ, ಸಣ್ಣದಾಗಿದೆ. ನಾನು ಮಸ್ಲ್ ಬಳಸಲು ಇನ್ನೊಂದು ಕಾರಣ ಇದೆ. 32 ಬಿಟ್ ಸಮಯದ ಲೆಕ್ಕ 2038ರ ಜನವರಿ 19ಕ್ಕೆ ತುಂಬಿ ಹೋಗುತ್ತದೆ. ಮಸ್ಲ್ 2020ರಲ್ಲಿ ಬಂದ 1.2 ಆವೃತ್ತಿಯಿಂದ 64 ಬಿಟ್ ಸಮಯವನ್ನೇ ಬಳಸುತ್ತದೆ. ಕರ್ನಲ್ ಕಡೆಯ ಕೆಲಸ 5.6ರಲ್ಲಿ ಮುಗಿಯಿತು. ಮಿಲ್‌ನವರು ಒಂದು ಯಂತ್ರವನ್ನು ಹದಿನೈದು ವರ್ಷ ಓಡಿಸುತ್ತಾರೆ. 2038 ನಮಗೆ ದೂರ ಇಲ್ಲ.

ಬೋರ್ಡ್ ಇನ್ನೂ ಬಂದಿಲ್ಲ. ಅಲ್ಲಿಯ ತನಕ ಏನು ಮಾಡಲಿ?

ಕೆಮು ಇದೆಯಲ್ಲ. ಲ್ಯಾಪ್‌ಟಾಪ್ ಒಳಗೆ ಸುಳ್ಳು ಆರ್ಮ್ ಬೋರ್ಡ್ ತೋರಿಸುವ ಪ್ರೋಗ್ರಾಂ ಅದು. ಬಿಲ್ಡ್‌ರೂಟ್ ಫೋಲ್ಡರ್‌ನಲ್ಲಿ ಮೇಕ್ ಕೊಟ್ಟು ಮುಂದೆ ಕೆಮು ಆರ್ಮ್ ವಿಎಕ್ಸ್‌ಪ್ರೆಸ್ ಡೆಫ್‌ಕಾನ್ಫಿಗ್ ಅಂತ ಹಾಕಿ, ಪದಗಳ ನಡುವೆ ಅಂಡರ್‌ಸ್ಕೋರ್. ಆಮೇಲೆ ಬರೀ ಮೇಕ್. ಮುಗಿದ ಮೇಲೆ ಔಟ್‌ಪುಟ್ ಒಳಗಿನ ಇಮೇಜಸ್ ಫೋಲ್ಡರ್‌ನಲ್ಲಿ ಸ್ಟಾರ್ಟ್ ಕೆಮು ಎಂಬ ಸ್ಕ್ರಿಪ್ಟ್ ಇರುತ್ತದೆ. ಓಡಿಸಿದರೆ ಲಾಗಿನ್ ಬರುತ್ತದೆ. ರೂಟ್ ಅಂತ ಕೊಡಿ, ಪಾಸ್‌ವರ್ಡ್ ಇಲ್ಲ. ನೀವು ಕಟ್ಟಿದ ಮೊದಲ ಲಿನಕ್ಸ್ ಅದು.

ಡೆಫ್‌ಕಾನ್ಫಿಗ್ ಅಂದರೆ ಒಂದು ಬೋರ್ಡ್‌ನ ರೆಡಿ ಸೆಟ್ಟಿಂಗ್ ಫೈಲು. ಬೀಗಲ್‌ಬೋನ್‌ಗೆ ಬೀಗಲ್‌ಬೋನ್ ಡೆಫ್‌ಕಾನ್ಫಿಗ್ ಇದೆ. ಅದು ಎಸ್‌ಡಿ ಕಾರ್ಡ್ ಇಮೇಜ್, ಅಂದರೆ ಕಾರ್ಡ್‌ನಲ್ಲಿ ಇರಬೇಕಾದ್ದೆಲ್ಲ ಒಳಗೊಂಡ ಒಂದು ಫೈಲು, ಕೊಡುತ್ತದೆ. ಅದನ್ನು ಡಿಡಿ ಕಮಾಂಡ್‌ನಿಂದ ಕಾರ್ಡ್‌ಗೆ ಬರೆಯಬೇಕು. ಕಾರ್ಡ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಓಡಿಸಿ ಹೊಸದಾಗಿ ಬಂದ ಹೆಸರು ಯಾವುದು ನೋಡಿ. ಡಿಡಿ ಯಾವುದನ್ನೂ ಕೇಳುವುದಿಲ್ಲ. ಹೆಸರು ತಪ್ಪಿದರೆ ಲ್ಯಾಪ್‌ಟಾಪ್‌ನ ಡಿಸ್ಕ್ ಹೋಗುತ್ತದೆ.

ಕಾರ್ಡ್ ಹಾಕಿದೆ, ಲೈಟ್ ಉರಿಯಿತು, ಮತ್ತೇನೂ ಕಾಣುತ್ತಿಲ್ಲ?

ಬೋರ್ಡ್ ಹೇಳುವುದನ್ನು ಲ್ಯಾಪ್‌ಟಾಪ್‌ನಲ್ಲಿ ತೋರಿಸುವ ಸೀರಿಯಲ್ ಕೇಬಲ್ ಹಾಕಿದ್ದೀರಾ? ಇದು ನನ್ನ ಮೊದಲ ಪ್ರಶ್ನೆ. ಇಲ್ಲ ಅಂದರೆ ಮೊದಲು ಅದನ್ನು ತರಿಸಿ. ಅದಿಲ್ಲದೆ ಈ ಕೆಲಸಕ್ಕೆ ಇಳಿಯುವುದು ಕತ್ತಲೆಯಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ.

ಬೇಕಾದ್ದು 3.3 ವೋಲ್ಟ್‌ನ ಯುಎಸ್‌ಬಿ ಸೀರಿಯಲ್ ಕೇಬಲ್. 5 ವೋಲ್ಟ್‌ನದು ಹಾಕಿದರೆ ಪ್ರೊಸೆಸರ್ ಹಾಳಾಗಬಹುದು. ಬೀಗಲ್‌ಬೋನ್‌ನಲ್ಲಿ ಜೆ1 ಅಂತ ಬರೆದ ಆರು ಪಿನ್‌ಗಳ ಸಾಲು ಇದೆ. 1ನೇ ಪಿನ್ ಗ್ರೌಂಡ್, 4 ಬೋರ್ಡ್ ಕೇಳುವುದು, 5 ಬೋರ್ಡ್ ಹೇಳುವುದು. ಕೇಬಲ್‌ನ ಹೇಳುವ ತಂತಿ ಬೋರ್ಡ್‌ನ ಕೇಳುವ ಪಿನ್‌ಗೆ ಹೋಗಬೇಕು. ವೇಗ 115200.

ಈಗ ಬೂಟ್ ಎಲ್ಲಿ ನಿಂತಿದೆ ಅಂತ ಓದಬಹುದು. ಚಿಪ್‌ನೊಳಗೆ ಅಳಿಸಲಾಗದ ಹಾಗೆ ಬರೆದಿಟ್ಟ ರೋಮ್ (ROM) ಕೋಡ್ ಮೊದಲು ಏಳುತ್ತದೆ. ಅದು ಕಾರ್ಡ್‌ನ ಫ್ಯಾಟ್ ಪಾರ್ಟಿಶನ್‌ನಲ್ಲಿ ಎಂಎಲ್‌ಒ ಎಂಬ ಫೈಲು ಹುಡುಕುತ್ತದೆ. ಆಗಿನ್ನೂ ದೊಡ್ಡ ಮೆಮೊರಿ ಎಚ್ಚರವಾಗಿರುವುದಿಲ್ಲ. ಎಂಎಲ್‌ಒ ಚಿಪ್‌ನ ಸಣ್ಣ ಒಳಮೆಮೊರಿಯಲ್ಲೇ ಓಡಿ, ದೊಡ್ಡ ಮೆಮೊರಿಯನ್ನು ಎಬ್ಬಿಸಿ, ಯು ಬೂಟ್ ಎಂಬ ಮುಂದಿನ ಪ್ರೋಗ್ರಾಂ ಅನ್ನು ಕರೆಯುತ್ತದೆ. ಯು ಬೂಟ್ ಕರ್ನಲ್ ಜೊತೆಗೆ ಡಿವೈಸ್ ಟ್ರೀ ಫೈಲನ್ನೂ ಮೆಮೊರಿಗೆ ತಂದು ಕರ್ನಲ್‌ಗೆ ದಾರಿ ಬಿಡುತ್ತದೆ. ಬೋರ್ಡ್ ಮೇಲೆ ಏನೇನು ಯಾವ ವಿಳಾಸದಲ್ಲಿದೆ ಅಂತ ಹೇಳುವ ಪಟ್ಟಿಯೇ ಡಿವೈಸ್ ಟ್ರೀ. ಯು ಬೂಟ್ ಮಾತೇ ಬರದೆ ಬರೀ ಸಿ (C) ಅಕ್ಷರ ಸಾಲಾಗಿ ಬಂದರೆ ಎಂಎಲ್‌ಒ ಸಿಕ್ಕಿಲ್ಲ. ಯು ಬೂಟ್ ಮಾತು ಬಂದು, ಸ್ಟಾರ್ಟಿಂಗ್ ಕರ್ನಲ್ ಅಂದ ಮೇಲೆ ಮೌನವಾದರೆ ಹೆಚ್ಚಾಗಿ ಡಿವೈಸ್ ಟ್ರೀ ಬೇರೆ ಬೋರ್ಡ್‌ನದು, ಇಲ್ಲವೇ ಕರ್ನಲ್ ಮಾತು ಕಳಿಸುವ ಕನ್ಸೋಲ್‌ನ ಹೆಸರು ತಪ್ಪು.

ಕರ್ನಲ್ ಪ್ಯಾನಿಕ್, ರೂಟ್ ಮೌಂಟ್ ಆಗಲಿಲ್ಲ ಅನ್ನುತ್ತದೆ?

ಸಿಸ್ಟಮ್‌ನ ಫೈಲುಗಳಿರುವ ಜಾಗವನ್ನು ಕರ್ನಲ್‌ಗೆ ತೆರೆಯಲು ಆಗಿಲ್ಲ ಅಂತ ಅರ್ಥ. ಆ ಸಾಲಿನ ಕೊನೆಯಲ್ಲಿ ಬ್ರ್ಯಾಕೆಟ್‌ನಲ್ಲಿರುವ ಎರಡು ಅಂಕಿ ಓದಿ. 0, 0 ಇದ್ದರೆ ಕರ್ನಲ್‌ಗೆ ಆ ಡಿಸ್ಕೇ ಕಂಡಿಲ್ಲ. ಕಾರ್ಡ್‌ನ ಡ್ರೈವರ್ ಕರ್ನಲ್‌ನೊಳಗೆ ಸೇರಿದೆಯಾ, ಇಲ್ಲ ಮಾಡ್ಯೂಲ್ ಆಗಿ ಹೊರಗೆ ಉಳಿದಿದೆಯಾ ನೋಡಿ. ಮಾಡ್ಯೂಲ್ ಆಗಿದ್ದರೆ ಅದು ಇರುವುದೇ ಆ ಕಾರ್ಡ್ ಮೇಲೆ. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಇಟ್ಟ ಹಾಗಾಯಿತು. ಯು ಬೂಟ್ ಕರ್ನಲ್‌ಗೆ ಕೊಡುವ ಬೂಟ್ ಸಾಲಿನಲ್ಲಿ ರೂಟ್‌ವೇಟ್ ಪದವನ್ನೂ ಸೇರಿಸಿ. ಕಾರ್ಡ್ ಎಚ್ಚರವಾಗಲು ಒಂದೆರಡು ಕ್ಷಣ ಬೇಕು.

179, 2 ಅಂತ ಇದ್ದರೆ ಡಿಸ್ಕ್ ಕಂಡಿದೆ, ಅದರ ಮೇಲಿನ ಫೈಲ್ ಸಿಸ್ಟಮ್ ಅರ್ಥವಾಗಿಲ್ಲ. 179 ಎಂಎಂಸಿ ಕಾರ್ಡ್‌ಗಳ ಸಂಖ್ಯೆ. ಇಎಕ್ಸ್‌ಟಿ4 ಅಥವಾ ಸ್ಕ್ವಾಶ್‌ಎಫ್‌ಎಸ್ ಬೆಂಬಲ ಹಾಕಲು ಮರೆತಿರುತ್ತೀರಿ.

ಫೈಲು ಕಣ್ಣ ಮುಂದೆಯೇ ಇದೆ. ಓಡಿಸಿದರೆ ಅಂಥ ಫೈಲೇ ಇಲ್ಲ ಅನ್ನುತ್ತದೆ!

ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಒಬ್ಬ ವಿದ್ಯಾರ್ಥಿ ರಾತ್ರಿ ಎರಡು ಗಂಟೆಗೆ, ಸರ್, ಎಲ್‌ಎಸ್ ಹೊಡೆದರೆ ತೋರಿಸುತ್ತದೆ, ಓಡಿಸಿದರೆ ಇಲ್ಲ ಅನ್ನುತ್ತದೆ, ಕಾರ್ಡ್ ಕೆಟ್ಟಿದೆಯಾ ಅಂತ ಕೇಳಿದ್ದ. ಮೂರು ಕಾರ್ಡ್ ಬದಲಾಯಿಸಿದ್ದನಂತೆ.

ಕಾರ್ಡ್ ಸರಿಯಿದೆ. ಇಲ್ಲ ಅಂತ ಹೇಳುತ್ತಿರುವುದು ನಿಮ್ಮ ಫೈಲಿನ ಬಗ್ಗೆ ಅಲ್ಲ. ಲೈಬ್ರರಿಗಳನ್ನು ಹೊರಗಿನಿಂದ ತಗೊಳ್ಳುವ ಪ್ರತಿ ಪ್ರೋಗ್ರಾಂ ಒಳಗೂ ಒಂದು ಹೆಸರು ಬರೆದಿರುತ್ತದೆ: ನನ್ನನ್ನು ಶುರು ಮಾಡಲು ಈ ಲೋಡರ್ ಕರೆಯಿರಿ ಅಂತ. ಜಿಲಿಬ್‌ಸಿಯಲ್ಲಿ ಕಟ್ಟಿದ ಎಚ್‌ಎಫ್ ಪ್ರೋಗ್ರಾಂ ಕೇಳುವ ಲೋಡರ್‌ನ ಹೆಸರು ಎಲ್‌ಡಿ ಲಿನಕ್ಸ್ ಆರ್ಮ್‌ಎಚ್‌ಎಫ್ ಅಂತ ಶುರುವಾಗುತ್ತದೆ. ಮಸ್ಲ್‌ನದು ಎಲ್‌ಡಿ ಮಸ್ಲ್ ಆರ್ಮ್‌ಎಚ್‌ಎಫ್ ಅಂತ. ಬೋರ್ಡ್‌ನಲ್ಲಿ ಮಸ್ಲ್ ಇದೆ, ಪ್ರೋಗ್ರಾಂ ಅನ್ನು ಉಬುಂಟುವಿನ ಕ್ರಾಸ್ ಕಂಪೈಲರ್‌ನಿಂದ ಜಿಲಿಬ್‌ಸಿಗೆ ಕಟ್ಟಿದ್ದೀರಿ. ಕರ್ನಲ್ ಆ ಲೋಡರ್ ಹುಡುಕುತ್ತದೆ, ಸಿಗುವುದಿಲ್ಲ. ಶೆಲ್ ಬಂದು ಫೈಲ್ ಇಲ್ಲ ಅಂತಷ್ಟೇ ಹೇಳುತ್ತದೆ. ಯಾವ ಫೈಲ್ ಅಂತ ಹೇಳುವುದಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ರೀಡ್‌ಎಲ್ಫ್ ಗೆ ಮೈನಸ್ ಎಲ್ ಕೊಟ್ಟು ಪ್ರೋಗ್ರಾಂ ಹೆಸರು ಬರೆಯಿರಿ. ಇಂಟರ್ಪ್ರಿಟರ್ ಎಂಬ ಸಾಲಿನಲ್ಲಿ ಲೋಡರ್ ಹೆಸರು ಬರುತ್ತದೆ. ಅದು ಬೋರ್ಡ್‌ನ ಲಿಬ್ ಫೋಲ್ಡರ್‌ನಲ್ಲಿ ಇದೆಯಾ ನೋಡಿ. ಮೈನಸ್ ಡಿ ಕೊಟ್ಟರೆ ಬೇಕಾದ ಲೈಬ್ರರಿಗಳ ಪಟ್ಟಿ ಬರುತ್ತದೆ. ಪರಿಹಾರ ಒಂದೇ. ಸಿಸ್ಟಮ್ ಕಟ್ಟಿದ ಟೂಲ್‌ಚೈನ್‌ನಿಂದಲೇ ನಿಮ್ಮ ಪ್ರೋಗ್ರಾಂ ಕೂಡ ಕಟ್ಟಿ. ಅದು ಬಿಲ್ಡ್‌ರೂಟ್‌ನ ಔಟ್‌ಪುಟ್, ಹೋಸ್ಟ್, ಬಿನ್ ಫೋಲ್ಡರ್‌ನಲ್ಲಿದೆ. ಲೋಡರ್ ಫೈಲನ್ನು ಎಲ್ಲಿಂದಲೋ ತಂದು ಹಾಕಿ ಓಡಿಸಲು ಹೋಗಬೇಡಿ. ಇವತ್ತು ಓಡಬಹುದು, ಆಮೇಲೆ ಇನ್ನೆಲ್ಲೋ ಕೈಕೊಡುತ್ತದೆ.

ಎಕ್ಸೆಕ್ ಫಾರ್ಮ್ಯಾಟ್ ಎರರ್ ಬೇರೆ. ಅದು ಬಂದರೆ ಇಂಟೆಲ್‌ಗೆ ಕಟ್ಟಿದ ಪ್ರೋಗ್ರಾಂ ಅನ್ನೇ ಬೋರ್ಡ್‌ಗೆ ಹಾಕಿದ್ದೀರಿ. ಫೈಲ್ ಎಂಬ ಕಮಾಂಡ್ ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ.

ಪೈ ಝೀರೋ ಮೇಲೆ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಬರುತ್ತಿದೆ?

ಹಳೇ ಪೈ ಝೀರೋ ಡಬ್ಲ್ಯೂ ಇರಬೇಕು. ಅದರಲ್ಲಿರುವುದು ಆರ್ಮ್ ವಿ6. ಉಬುಂಟುವಿನ ಎಚ್‌ಎಫ್ ಕಂಪೈಲರ್ ಕಟ್ಟುವುದು ಆರ್ಮ್ ವಿ7ಗೆ. ನೀವು ವಿ6 ಅಂತ ಆಯ್ಕೆ ಕೊಟ್ಟರೂ ಅದರ ಜೊತೆ ಬರುವ ಸಿ ಲೈಬ್ರರಿಯ ತುಂಡುಗಳು ವಿ7ನವೇ. ಬಿಲ್ಡ್‌ರೂಟ್‌ನಲ್ಲಿ ಆ ಬೋರ್ಡ್‌ನ ಡೆಫ್‌ಕಾನ್ಫಿಗ್ ಹಿಡಿದು ಅದರ ಟೂಲ್‌ಚೈನ್ ಬಳಸಿ.

ಮೆನುವಿನಲ್ಲಿ ಬದಲಾಯಿಸಿದೆ, ಮೇಕ್ ಕೊಟ್ಟೆ. ಇಮೇಜ್‌ನಲ್ಲಿ ಏನೂ ಬದಲಾಗಿಲ್ಲ?

ಮೆನು ಅಂದರೆ ಮೇಕ್ ಮೆನುಕಾನ್ಫಿಗ್ ಕೊಟ್ಟಾಗ ಬರುವ ಆಯ್ಕೆಗಳ ಪಟ್ಟಿ. ಬಿಲ್ಡ್‌ರೂಟ್ ಒಮ್ಮೆ ಕಟ್ಟಿದ ಪ್ಯಾಕೇಜನ್ನು ತಾನಾಗಿ ಮತ್ತೆ ಕಟ್ಟುವುದಿಲ್ಲ. ಹೊಸ ಪ್ಯಾಕೇಜ್ ಸೇರಿಸಿದರೆ ಮೇಕ್ ಸಾಕು. ತೆಗೆದುಹಾಕಿದರೆ ಮೇಕ್ ಕ್ಲೀನ್ ಕೊಟ್ಟು ಎಲ್ಲ ಹೊಸದಾಗಿ. ಟೂಲ್‌ಚೈನ್ ಬದಲಾಯಿಸಿದರೂ ಹಾಗೇ. ನಿಮ್ಮದೇ ಪ್ರೋಗ್ರಾಂ ತಿದ್ದಿದ್ದರೆ ಅದರ ಹೆಸರಿನ ಕೊನೆಗೆ ಡ್ಯಾಶ್ ರೀಬಿಲ್ಡ್ ಸೇರಿಸಿ ಮೇಕ್, ಆಮೇಲೆ ಇಮೇಜ್‌ಗಾಗಿ ಬರೀ ಮೇಕ್. ಅನುಮಾನ ಇದ್ದರೆ ಕ್ಲೀನ್ ಕೊಟ್ಟು ಊಟಕ್ಕೆ ಹೋಗಿ.

ಇನ್ನೊಂದು ಮಾತು. ಔಟ್‌ಪುಟ್ ಒಳಗಿನ ಟಾರ್ಗೆಟ್ ಫೋಲ್ಡರ್‌ನಲ್ಲಿ ಕೈಯಿಂದ ಫೈಲು ತಿದ್ದಬೇಡಿ, ಕ್ಲೀನ್ ಕೊಟ್ಟರೆ ಹೋಗುತ್ತದೆ. ನಿಮ್ಮ ಫೈಲುಗಳಿಗೆ ಓವರ್‌ಲೇ ಫೋಲ್ಡರ್ ಅಂತ ಒಂದು ಮಾಡಿ ಮೆನುವಿನಲ್ಲಿ ಅದರ ದಾರಿ ಕೊಡಿ.

ಮಿಲ್‌ನಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಕಾರ್ಡ್ ಕೆಡುವುದಿಲ್ವಾ?

ಬರೆಯುತ್ತಿರುವಾಗ ಕರೆಂಟ್ ಹೋದರೆ ಕೆಡುತ್ತದೆ. ಹಾಗಾಗಿ ಬರೆಯುವುದನ್ನೇ ಕಡಿಮೆ ಮಾಡಬೇಕು.

ನನ್ನ ಪೆಟ್ಟಿಗೆಯಲ್ಲಿ ಇಡೀ ಸಿಸ್ಟಮ್ ಸ್ಕ್ವಾಶ್‌ಎಫ್‌ಎಸ್‌ನಲ್ಲಿದೆ. ಅದನ್ನು ಓದಬಹುದು, ಬರೆಯಲು ಬರುವುದೇ ಇಲ್ಲ. ದಿನನಿತ್ಯದ ಲಾಗ್ ಎಲ್ಲ ಮೆಮೊರಿಯಲ್ಲಿ ಟಿಎಂಪಿಎಫ್‌ಎಸ್ ಮೇಲೆ, ಕರೆಂಟ್ ಹೋದರೆ ಹೋಗಲಿ. ಉಳಿಯಬೇಕಾದ್ದು ಡ್ರೈಯರ್‌ನ ದಾಖಲೆ ಒಂದೇ. ಅದು ಬೋರ್ಡ್‌ನ ಇಎಂಎಂಸಿಯಲ್ಲಿ ಬೇರೆ ಇಎಕ್ಸ್‌ಟಿ4 ಪಾರ್ಟಿಶನ್‌ಗೆ ಹೋಗುತ್ತದೆ. ಪೂರ್ತಿ ಫೈಲು ಬದಲಿಸುವಾಗ ಹಳೆಯದರ ಮೇಲೆ ಬರೆಯುವುದಿಲ್ಲ. ಹೊಸ ಹೆಸರಿನಲ್ಲಿ ಬರೆದು, ಬರೆದದ್ದು ಚಿಪ್‌ಗೆ ಇಳಿಯುವ ತನಕ ಕಾಯುವ ಎಫ್‌ಸಿಂಕ್ ಕರೆದು, ಆಮೇಲೆ ಹೆಸರು ಬದಲಿಸುತ್ತೇನೆ. ಯಾವ ಕ್ಷಣ ಕರೆಂಟ್ ಹೋದರೂ ಹಳೆಯದು ಅಥವಾ ಹೊಸದು, ಎರಡರಲ್ಲಿ ಒಂದು ಪೂರ್ತಿ ಇರುತ್ತದೆ.

ಜೊತೆಗೆ ವಾಚ್‌ಡಾಗ್ ಹಾಕಿ. ಚಿಪ್‌ನಲ್ಲೇ ಇದೆ, ಬ್ಯುಸಿಬಾಕ್ಸ್‌ನಲ್ಲಿ ಅದಕ್ಕೊಂದು ಕಮಾಂಡ್ ಇದೆ. ಸಿಸ್ಟಮ್ ಸಿಕ್ಕಿಕೊಂಡರೆ ತಾನೇ ರೀಸ್ಟಾರ್ಟ್ ಆಗುತ್ತದೆ. ದೂರದಿಂದ ಅಪ್‌ಡೇಟ್ ಮಾಡುವವರು ರಾಕ್ ಅಥವಾ ಎಸ್‌ಡಬ್ಲ್ಯೂಅಪ್‌ಡೇಟ್ ನೋಡಿ, ಎರಡೂ ಬಿಲ್ಡ್‌ರೂಟ್‌ನಲ್ಲಿವೆ.

ತಾರೀಖು 1970 ತೋರಿಸುತ್ತದೆ?

ಕರೆಂಟ್ ಹೋದಾಗ ಸಮಯ ಕಾಯುವ ಬ್ಯಾಟರಿ ಬೋರ್ಡ್ ಮೇಲೆ ಇಲ್ಲ. ಡಿಎಸ್3231 ಎಂಬ ಗಡಿಯಾರದ ಮಾಡ್ಯೂಲ್ ಐ2ಸಿ ಪಿನ್‌ಗಳಿಗೆ ಹಾಕಿ, ಡಿವೈಸ್ ಟ್ರೀಯಲ್ಲಿ ಸೇರಿಸಿ. ಕರ್ನಲ್‌ನಲ್ಲಿ ಡ್ರೈವರ್ ಹುಡುಕುವಾಗ ಡಿಎಸ್1307 ಹೆಸರಲ್ಲಿ ನೋಡಿ, ಅದೇ ಇದನ್ನೂ ಓಡಿಸುತ್ತದೆ.

ಪರದೆ ಮೇಲೆ ಕನ್ನಡ ಬರುತ್ತದಾ?

ಬರಲೇಬೇಕು. ಡ್ರೈಯರ್ ಹತ್ತಿರ ರಾತ್ರಿ ಪಾಳಿ ಮಾಡುವವರು ಕನ್ನಡ ಓದುತ್ತಾರೆ. ಸೈರನ್ ಕೂಗಿದಾಗ ಏನಾಯಿತು ಅಂತ ಅವರಿಗೆ ತಕ್ಷಣ ತಿಳಿಯಬೇಕು.

ಲಿನಕ್ಸ್‌ನ ಕಪ್ಪು ಕನ್ಸೋಲ್‌ನಲ್ಲಿ ಆಗುವುದಿಲ್ಲ. ಅದಕ್ಕೆ ಹೆಚ್ಚೆಂದರೆ 512 ಆಕಾರಗಳು ಹಿಡಿಯುತ್ತವೆ. ಒತ್ತಕ್ಷರವನ್ನು ಎಲ್ಲಿ ಕೂರಿಸಬೇಕು ಎಂಬ ಲೆಕ್ಕವೂ ಅದಕ್ಕೆ ಬರುವುದಿಲ್ಲ. ಆ ಲೆಕ್ಕ ಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಹಾರ್ಫ್‌ಬಜ್, ಪ್ಯಾಂಗೋ ಎರಡೂ ಬಿಲ್ಡ್‌ರೂಟ್‌ನಲ್ಲಿ ಸಿಗುತ್ತವೆ. ಒಂದು ಯೂನಿಕೋಡ್ ಕನ್ನಡ ಫಾಂಟ್ ಓವರ್‌ಲೇನಲ್ಲಿ ಹಾಕಿ. ಹಾರ್ಫ್‌ಬಜ್ ಇಲ್ಲದೆ ಬರೀ ಫಾಂಟ್ ಹಾಕಿದರೆ ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ಸಾಲಾಗಿ ನಿಲ್ಲುತ್ತದೆ. ಅಂಥ ಕನ್ನಡವನ್ನು ದಯವಿಟ್ಟು ಯಾರಿಗೂ ಕೊಡಬೇಡಿ.

ತೋರಿಸಬೇಕಾದ್ದು ಹತ್ತು ಹನ್ನೆರಡು ವಾಕ್ಯ ಮಾತ್ರ ಆದರೆ ಇನ್ನೂ ಸುಲಭದ ದಾರಿ ಇದೆ. ಲ್ಯಾಪ್‌ಟಾಪ್‌ನಲ್ಲೇ ಆ ವಾಕ್ಯಗಳನ್ನು ಚಿತ್ರ ಮಾಡಿ ಬೋರ್ಡ್‌ಗೆ ಹಾಕಿ. ಡ್ರೈಯರ್ ಬಿಸಿ ಜಾಸ್ತಿಯಾಗಿದೆ, ಸೆನ್ಸರ್ ತಂತಿ ಬಿಟ್ಟಿದೆ, ಇಂಥವು. ಅಂಕಿ ಮಾತ್ರ ಓಡುವಾಗ ಬರೆಯಿರಿ. ನಾನು ಮಾಡಿರುವುದು ಇದನ್ನೇ.

ಮಾರಿದರೆ ಸೋರ್ಸ್ ಕೊಡಬೇಕಾ?

ಕರ್ನಲ್, ಬ್ಯುಸಿಬಾಕ್ಸ್ ಎರಡೂ ಜಿಪಿಎಲ್ ಎಂಬ ಲೈಸೆನ್ಸ್‌ನ 2ನೇ ಆವೃತ್ತಿಯವು. ಪೆಟ್ಟಿಗೆ ಕೊಂಡವರಿಗೆ ಅವುಗಳ ಸೋರ್ಸ್, ನೀವು ಮಾಡಿದ ತಿದ್ದುಪಡಿ ಸಮೇತ, ಸಿಗುವ ಹಾಗಿರಬೇಕು. ಮೇಕ್ ಲೀಗಲ್ ಇನ್ಫೋ ಅಂತ ಕೊಟ್ಟರೆ ಬಿಲ್ಡ್‌ರೂಟ್ ಸೋರ್ಸ್, ಲೈಸೆನ್ಸ್ ಎಲ್ಲವನ್ನೂ ಒಂದು ಫೋಲ್ಡರ್‌ಗೆ ಸೇರಿಸಿಕೊಡುತ್ತದೆ. ನಾನು ಅದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಬಿಲ್ ಜೊತೆಗೆ ಕೊಡುತ್ತೇನೆ. ನಿಮ್ಮ ಸ್ವಂತ ಪ್ರೋಗ್ರಾಂ ಬೇರೆಯೇ ಓಡುವುದಾದರೆ ಅದರ ತೀರ್ಮಾನ ನಿಮ್ಮದು. ಅದರೊಳಗೆ ಬೆರೆಸಿದ ಲೈಬ್ರರಿಗಳ ಲೈಸೆನ್ಸ್ ಮಾತ್ರ ಓದಿ ನೋಡಿ.

ಮೂರು ವರ್ಷದ ಮೇಲೆ ಇದನ್ನೇ ಮತ್ತೆ ಕಟ್ಟಲು ಏನೇನು ಉಳಿಸಿಕೊಳ್ಳಲಿ?

ನಾಲ್ಕು ವಸ್ತು: ಬಿಲ್ಡ್‌ರೂಟ್‌ನ ಅದೇ ಆವೃತ್ತಿ, ಮೇಕ್ ಸೇವ್‌ಡೆಫ್‌ಕಾನ್ಫಿಗ್ ಕೊಟ್ಟಾಗ ಸಿಗುವ ಸಣ್ಣ ಫೈಲು, ನಿಮ್ಮ ಓವರ್‌ಲೇ ಮತ್ತು ತಿದ್ದುಪಡಿಗಳು, ಡಿಎಲ್ ಫೋಲ್ಡರ್. ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ಇಂಟರ್ನೆಟ್‌ನಲ್ಲಿ ಇವತ್ತು ಇರುವ ಸೋರ್ಸ್ ನಾಳೆ ಅದೇ ವಿಳಾಸದಲ್ಲಿ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ನಾನು ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿದ್ದೇನೆ. ಒಂದು ಗಂಗಾವತಿಯಲ್ಲಿ, ಇನ್ನೊಂದು ರಾಯಚೂರಿನ ಅಕ್ಕನ ಮನೆಯಲ್ಲಿ.

ನೀವು ಇಲ್ಲದಾಗ ಪೆಟ್ಟಿಗೆ ಕೆಟ್ಟರೆ ಯಾರು ನೋಡುತ್ತಾರೆ?

ಮಿಲ್ ಸಾಹುಕಾರರು ಮೊದಲು ಕೇಳುವುದೇ ಇದನ್ನು. ಈ ಪ್ರಶ್ನೆಯಿಂದಲೇ ನಾನು ಸಿಸ್ಟಮ್ ಅನ್ನು ಎಸ್‌ಡಿ ಕಾರ್ಡ್‌ನಲ್ಲಿ ಇಟ್ಟೆ. ಇಎಂಎಂಸಿ ಹೆಚ್ಚು ಗಟ್ಟಿ, ನಿಜ. ಆದರೆ ಅದನ್ನು ಕಿತ್ತು ಬದಲಿಸಲು ಆಗುವುದಿಲ್ಲ. ಇಎಂಎಂಸಿಯಲ್ಲಿ ಬೂಟ್ ಫೈಲು ಇಲ್ಲದಿದ್ದರೆ ಬೀಗಲ್‌ಬೋನ್ ತಾನಾಗಿ ಕಾರ್ಡ್‌ಗೆ ಹೋಗುತ್ತದೆ. ಪೆಟ್ಟಿಗೆ ಬಾಗಿಲ ಒಳಗಡೆ ಅದೇ ಸಿಸ್ಟಮ್ ಬರೆದ ಇನ್ನೊಂದು ಕಾರ್ಡ್ ಅನ್ನು ಟೇಪ್ ಹಚ್ಚಿ ಇಟ್ಟಿರುತ್ತೇನೆ.

ಹೋದ ಸುಗ್ಗಿಯಲ್ಲಿ ಕಾರಟಗಿ ಕಡೆಯ ಒಂದು ಮಿಲ್‌ನಿಂದ ರಾತ್ರಿ ಫೋನ್ ಬಂತು. ಪರದೆ ಕಪ್ಪಾಗಿತ್ತು. ಎಲೆಕ್ಟ್ರಿಷಿಯನ್ ಅಣ್ಣ ಕಾರ್ಡ್ ತೆಗೆದು ನೋಡಿದರು, ಅದರ ಕಾಲುಗಳ ಮೇಲೆ ತೌಡಿನ ಪುಡಿ ಕೂತಿತ್ತು. ಬಾಗಿಲಲ್ಲಿದ್ದ ಕಾರ್ಡ್ ಹಾಕಿದರು, ಸಿಸ್ಟಮ್ ಎದ್ದಿತು. ಮರುದಿನ ನಾನು ಹೋಗಿ ಬಾಗಿಲಿಗೆ ಹೊಸ ರಬ್ಬರ್ ಪಟ್ಟಿ ಹಾಕಿ, ದಾಖಲೆ ತೆಗೆದು ನೋಡಿದೆ. ಹಿಂದಿನ ದಿನಗಳದೆಲ್ಲ ಇಎಂಎಂಸಿಯಲ್ಲಿ ಹಾಗೇ ಇತ್ತು. ಆ ರಾತ್ರಿಯ ದಾಖಲೆಯಲ್ಲಿ ಖಾಲಿ ಬಿದ್ದದ್ದು 14 ನಿಮಿಷ.